ಗೋಬರ್ ಗ್ಯಾಸಿಗೆ ಕೊಟ್ಟಿಗೆ ತೊಳೆದ ನೀರು ಬಿಡಬೇಡಿ

ಶಿರಸಿ, ಸಿದ್ದಾಪುರ ಕಡೆಯಿಂದ ಫೋನ್ ಬಂದರೆ ದೂರು ಹೆಚ್ಚುಕಡಿಮೆ ಒಂದೇ. "ಒಲೆ ಅರ್ಧ ತಾಸೂ ಉರಿಯೋದಿಲ್ಲ ಮಾರಾಯ್ರೇ, ಪೈಪು ಎಲ್ಲೋ ಲೀಕ್ ಇರಬೇಕು." ಹೋಗಿ ನೋಡಿದರೆ ಪೈಪು ಸರಿಯೇ ಇರುತ್ತದೆ. ಕೊಟ್ಟಿಗೆಯ ಚರಂಡಿ ಮಾತ್ರ ನೇರ ಗ್ಯಾಸಿನ ಗುಂಡಿಗೆ ಸೇರಿರುತ್ತದೆ.

ಮೊದಲು ಕೊಟ್ಟಿಗೆಗೆ ಸೊಪ್ಪು, ದರಕು (ಒಣಗಿದ ಎಲೆ) ಹಾಸುತ್ತಿದ್ದರು, ತೊಳೆಯುವುದು ಕಡಿಮೆ. ಈಗ ಕಾಂಕ್ರೀಟ್ ನೆಲ, ರಬ್ಬರ್ ಮ್ಯಾಟು. ಗುಡ್ಡದ ಅಬ್ಬಿ ನೀರು ಕರೆಂಟಿಲ್ಲದೆ ತಾನಾಗಿ ಬರುತ್ತದೆ. ಬೆಳಿಗ್ಗೆ ಸಂಜೆ ಪೈಪು ಹಿಡಿದರೆ ಸಗಣಿ ಹರಿದು ಗುಂಡಿಗೆ ಬೀಳುತ್ತದೆ, ಬಾಚುವ ಕೆಲಸ ಇಲ್ಲ. ಆಳು ಸಿಗದ ಈ ಕಾಲದಲ್ಲಿ ಹಾಗೆ ಮಾಡಿದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಗ್ಯಾಸ್ ಕೆಡುವುದು ಅಲ್ಲೇ.

ಲೆಕ್ಕ ನೋಡಿ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಘಟಕಕ್ಕೆ (ನೆಲದಡಿ ಗುಮ್ಮಟ ಕಟ್ಟಿದ ಮಾದರಿ) ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಅಂದರೆ 100 ಲೀಟರ್. ಗುಂಡಿಯಲ್ಲಿ ಸುಮಾರು 4000 ಲೀಟರ್ ಹಿಡಿದರೆ ಇವತ್ತು ಹಾಕಿದ ಸಗಣಿ 40 ದಿನ ಒಳಗಿರುತ್ತದೆ. ಅದರ ಮೇಲೆ ತೊಳೆದ ನೀರು 200 ಲೀಟರ್ ಸೇರಿತು ಅನ್ನಿ. ಈಗ ದಿನಕ್ಕೆ 300. ಸಗಣಿ 13 ದಿನಕ್ಕೇ ಆಚೆ ಬೀಳುತ್ತದೆ.

ಸಗಣಿಯನ್ನು ಮೊದಲು ಹುಳಿಯಾಗಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಆ ಹುಳಿಯನ್ನು ಮೀಥೇನ್ ಮಾಡುವವು ಬಹಳ ನಿಧಾನ. ಒಂದು ಎರಡಾಗಲು ಹಲವು ದಿನ ಬೇಕು, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅವು ಬೆಳೆಯುವ ಮೊದಲೇ ನೀರು ಅವನ್ನು ಕೊಚ್ಚಿಕೊಂಡು ಹೋಗುತ್ತದೆ. ಒಳಗೆ ಹುಳಿ ಮಾತ್ರ ಉಳಿಯುತ್ತದೆ. ಆಮೇಲೆ ಬರುವ ಅಲ್ಪಸ್ವಲ್ಪ ಗ್ಯಾಸೂ ಸರಿಯಾಗಿ ಉರಿಯುವುದಿಲ್ಲ.

ಹುಲೇಕಲ್ ಹತ್ತಿರದ ಒಂದು ಮನೆಯಲ್ಲಿ ಒಲೆ ಬದಲಾಯಿಸಿದ್ದರು, ಪೈಪೂ ಹೊಸದು. ಮನೆಯಾಕೆ ಕೇಳಿದರು, "ನೀರು ಜಾಸ್ತಿ ಆದ್ರೆ ಸಗಣಿ ಚೊಲೋ ಕರಗ್ತದಲ್ರಾ?" ಹೊರಗುಂಡಿಯ ಬಗ್ಗಡವನ್ನು, ಅಂದರೆ ಘಟಕದಿಂದ ಆಚೆ ಬಂದ ಸಗಣಿ ರಾಡಿಯನ್ನು, ಕೋಲಿನಿಂದ ಕದಡಿ ತೋರಿಸಿದೆ. ಹಸಿ ಸಗಣಿಯದೇ ವಾಸನೆ, ತುಂಬಾ ನೊಣ, ಗುಳ್ಳೆ ಏಳುತ್ತಲೇ ಇತ್ತು. ಸರಿಯಾಗಿ ಕಳಿತ ಬಗ್ಗಡ ಹಾಗೆ ನಾರುವುದಿಲ್ಲ. "ನಿಮ್ಮ ಗ್ಯಾಸು ಇಲ್ಲಿ ಗಾಳಿಗೆ ಹೋಗ್ತಾ ಇದೆ ಅಕ್ಕಾ" ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಯಜಮಾನರಿಗೆ ಮಾತ್ರ ಲೀಕಿನ ಮೇಲಿನ ಅನುಮಾನ ಹೋಗಲಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಸಗಣಿ ಬಾಚಿ ತೆಗೆಯಿರಿ, ಆಮೇಲೆ ತೊಳೆಯಿರಿ. ತೊಳೆದ ನೀರಿಗೆ ಬೇರೆ ಕಾಲುವೆ ಮಾಡಿ ಅಡಿಕೆ ತೋಟಕ್ಕೆ ಬಿಡಿ, ಅದು ಅಲ್ಲಿಗೆ ಒಳ್ಳೆಯದೇ. ಫಿನಾಯಿಲ್ ಹಾಕಿದ ನೀರಂತೂ ಗುಂಡಿಗೆ ಬೇಡವೇ ಬೇಡ. ಸಗಣಿ ಕಲಸುವಾಗ ದೋಸೆ ಹಿಟ್ಟಿನ ಹದ ಸಾಕು. ದರಕು, ಹುಲ್ಲು ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಮೇಲೆ ಕೆನೆಗಟ್ಟುತ್ತದೆ. ಮಳೆಗಾಲದಲ್ಲಿ ಕಲಸುವ ತೊಟ್ಟಿಗೆ ಮುಚ್ಚಳ ಇರಲಿ.

ಎಲ್ಲರ ಮನೆಯಲ್ಲೂ ಇದೇ ಲೆಕ್ಕ ಅಂತ ಹೇಳಲಾರೆ. ಮಲೆನಾಡು ಗಿಡ್ಡದ ಸಗಣಿ ಕಡಿಮೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಎಂಬ ದೊಡ್ಡ ವಿದೇಶಿ ತಳಿಯ ದನದ್ದು ಜಾಸ್ತಿ, ಮೇವೂ ಬೇರೆ ಬೇರೆ. ನೀರು ನಿಲ್ಲಿಸಿದ ಮರುದಿನವೇ ಗ್ಯಾಸ್ ಬರುವುದಿಲ್ಲ, ಕೆಲವು ವಾರ ಕಾಯಬೇಕು. ಚೆನ್ನಾಗಿ ನಡೆಯುವ ಪಕ್ಕದ ಮನೆಯ ಘಟಕದಿಂದ ಒಂದಿಷ್ಟು ಬಗ್ಗಡ ತಂದು ಹಾಕಿದರೆ ಬೇಗ ಚೇತರಿಸುತ್ತದೆ. ಇಷ್ಟಾದ ಮೇಲೂ ಬರದಿದ್ದರೆ ಗುಮ್ಮಟದಲ್ಲಿ ಬಿರುಕು ಇರಬಹುದು, ಗೊತ್ತಿದ್ದವರಿಂದಲೇ ನೋಡಿಸಿ. ನೀವಾಗಿ ಗುಂಡಿಗೆ ಇಳಿಯಬೇಡಿ, ಖಾಲಿ ಕಂಡರೂ ಇಳಿಯಬೇಡಿ. ಒಳಗಿನ ಗಾಳಿ ಜೀವ ತೆಗೆಯುತ್ತದೆ.