ಹತ್ತು–ಹನ್ನೆರಡರ ಕೋಣೆಗೆ ಹಳೆಯ ಸ್ಪೀಕರ್: ಅಧ್ಯಯನ ಟಿಪ್ಪಣಿ

ಮೊದಲು ಕೋಣೆ

ಹಿಂದೂಸ್ತಾನಿ ಸಂಗೀತ ಕೇಳಲು ಹಳೆಯ ಸ್ಪೀಕರ್ ಕೊಳ್ಳುವ ಮುನ್ನ ಕೋಣೆ ನೋಡಬೇಕು. ಮುಂಬೈ ಕಡೆಯ ಡೊಂಬಿವಲಿಯದೋ ಘಾಟ್ಕೋಪರದೋ ಫ್ಲ್ಯಾಟಿನ ಒಂದು ಕೋಣೆ ಹಿಡಿಯೋಣ: 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಎರಡು ಗೋಡೆಗಳ ನಡುವೆ ಯಾವ ಕಂಪನಾಂಕ ಗುಂಯ್ಗುಡುತ್ತದೆಂದು ತಿಳಿಯುತ್ತದೆ. 12 ಅಡಿ ಎಂದರೆ 3.66 ಮೀಟರ್, 344 ÷ 7.32 = 47 ಹರ್ಟ್ಸ್. ಇದೇ ಲೆಕ್ಕದಲ್ಲಿ ಅಗಲಕ್ಕೆ 56, ಎತ್ತರಕ್ಕೆ 63. ಮೂರೂ ಒತ್ತೊತ್ತಾಗಿ ಕೂತಿವೆ. ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಶ್ರುತಿಯ ಗಂಡು ತಂಬೂರಿಯ ಖರಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ಷಡ್ಜದ, ತಂತಿ 69 ಹರ್ಟ್ಸ್, ಅಂದರೆ ಪಕ್ಕದಲ್ಲೇ. ಇಂಥ ಕೋಣೆಗೆ 12 ಇಂಚಿನ ಊಫರ್ (ತಗ್ಗಿನ ಸ್ವರದ ದೊಡ್ಡ ಘಟಕ) ಇರುವ, ಗಾಳಿಯಾಡಲು ತೂತಿನ ಡಬ್ಬ ತಂದರೆ ತಬಲಾ ಜೋಡಿಯ ಡಗ್ಗಾದ ಒಂದು ಏಟು ಇಳಿಯುವ ಮುನ್ನ ಇನ್ನೊಂದು ಬಂದು ಮೇಲೆ ಬೀಳುತ್ತದೆ.

ಆದ್ದರಿಂದ ಚಿಕ್ಕ ಕೋಣೆಗೆ ಮುಚ್ಚಿದ ಡಬ್ಬ, 5ರಿಂದ 8 ಇಂಚಿನ ಊಫರ್. ಮುಚ್ಚಿದ ಡಬ್ಬದಲ್ಲಿ ತಳದ ಸ್ವರ ಆಕ್ಟೇವಿಗೆ (ಕಂಪನಾಂಕ ಅರ್ಧವಾದಂತೆಲ್ಲ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ, ಗೋಡೆ ಅದಕ್ಕೆ ಒತ್ತಾಸೆ ಕೊಡುತ್ತದೆ. ತೂತಿನದರಲ್ಲಿ ಇಳಿತ 24 ಡೆಸಿಬೆಲ್, ಅದಕ್ಕೆ ಮುಂಚೆ ಒಂದು ಉಬ್ಬು.

1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್ 3/5ಎ ಈ ಜಾತಿಯದು. ಬ್ರಿಟಿಷ್ ಕಂಪನಿ ಕೆಇಎಫ್‌ನ ಬಿ110 ಊಫರ್, ಟಿ27 ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಘಟಕ). ಡಬ್ಬ ಸುಮಾರು 5 ಲೀಟರ್. ಕಂಠಕ್ಕೆ ಇದರಷ್ಟು ಹೊಂದುವ ಹಳೆಯ ಜೋಡಿ ಕಡಿಮೆ, ಆದರೆ ಈಗಿನ ಬೆಲೆಗೆ ತಲೆಬುಡವಿಲ್ಲ. ಗೋಡೆಗೆ ಅಂಟಿಸಿಟ್ಟರೆ ದನಿ ದಪ್ಪಗಾಗುತ್ತದೆ. 1978ರಲ್ಲಿ ಬಂದ ಯಮಹಾ ಎನ್‌ಎಸ್-10 ಕೂಡ ಮುಚ್ಚಿದ್ದೇ. ಗೋಡೆ ಹತ್ತಿರವಿದ್ದರೂ ನಡೆಯುತ್ತದೆ. ಆದರೆ ಮೇಲಿನ ಸ್ವರ ಹರಿತ, ಒಂದು ತಾಸಿನ ವಿಲಂಬಿತ ಖಯಾಲಿಗೆ ಕಿವಿ ದಣಿಯುತ್ತದೆ.

ಮಳೆಗಾಲ ತಿಂದುಹಾಕುವುದು

ಇಲ್ಲಿ ಹೆಸರಿಗಿಂತ ಸರೌಂಡ್ ಮುಖ್ಯ: ಕೋನಿನ (ಮುಂದೆ ಹಿಂದೆ ಅಲುಗುವ ಹಾಳೆಯ) ಅಂಚಿಗೂ ಲೋಹದ ಚೌಕಟ್ಟಿಗೂ ನಡುವಿನ ಮೆತ್ತನೆಯ ಬಳೆ. ಪಾಲಿಯುರೆಥೇನ್ ಫೋಮಿನದಾದರೆ ಗಾಳಿಯ ತೇವವೇ ಅದರ ಅಣುಸರಪಳಿಯನ್ನು ಕಡಿಯುತ್ತದೆ. ಬಳಸದೆ ಬೀರುವಿನ ಮೇಲಿಟ್ಟಿದ್ದರೂ ಅಷ್ಟೇ. ಬೆರಳ ತುದಿಯಿಂದ ಮುಟ್ಟಿ: ಅಂಟಂಟಾಗಿ, ಹಳೆಯ ಬೆಲ್ಲದ ಹಾಗೆ ಪುಡಿಯಾಗಿ ಬೆರಳಿಗೆ ಹತ್ತಿದರೆ ಮುಗಿಯಿತು. ರಬ್ಬರ್, ಲೇಪ ಹಚ್ಚಿದ ಬಟ್ಟೆ ದಶಕಗಟ್ಟಲೆ ಬಾಳುತ್ತವೆ. ಫೋಮ್ ಹೋದದ್ದನ್ನು ಬಿಟ್ಟೇಬಿಡಬೇಕೆಂದಿಲ್ಲ; ಹೊಸ ಬಳೆ ಅಂಟಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಅಂಟಿಸುವಾಗ ಕಾಯಿಲ್ (ಕೋನಿನ ಹಿಂದಿನ ತಂತಿಸುರುಳಿ) ನಟ್ಟನಡುವೆ ನಿಲ್ಲದಿದ್ದರೆ ಆಮೇಲೆ ಜನ್ಮವಿಡೀ ಕರಕರ.

ಡಬ್ಬವನ್ನು ತಿರುಗಿಸಿ ತಳ ನೋಡಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದಿದ್ದರೆ ಅಂಚು ರಸ್ಕಿನಂತೆ ಉಬ್ಬಿರುತ್ತದೆ. ಅಲ್ಲಿಂದ ಗಾಳಿ ಸೋರಿ, ಮುಚ್ಚಿದ ಡಬ್ಬ ಹೆಸರಿಗಷ್ಟೇ ಮುಚ್ಚಿದ್ದು ಆಗಿರುತ್ತದೆ. ಊಫರನ್ನು ಮೆಲ್ಲಗೆ ಒಳಗೊತ್ತಿ ಬಿಡಿ. ಸೋರದ ಡಬ್ಬದಲ್ಲಿ ಕೋನ್ ನಿಧಾನವಾಗಿ ವಾಪಸು ಬರುತ್ತದೆ, ಸೋರಿದರೆ ಪಟ್ಟನೆ.

ಬಜಾರಿನಲ್ಲಿ

ಮುಂಬೈಯ ಚೋರ್ ಬಜಾರಿಗೋ, ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುವ ಜುನಾ ಬಜಾರಿಗೋ ಹೋಗುವಾಗ ಜೇಬಿನಲ್ಲಿ ಮೂರು ಸಾಮಾನು: ಟಾರ್ಚ್, ಮಲ್ಟಿಮೀಟರ್, 1.5 ವೋಲ್ಟಿನ ಪೆನ್ಸಿಲ್ ಸೆಲ್. ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ಎರಡೂ ಊಫರ್ ಒಂದೇ ಕಡೆಗೆ ಚಲಿಸಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಯಾರೋ ಒಳಗೆ ವೈರ್ ಅದಲುಬದಲು ಮಾಡಿದ್ದಾರೆ. ಬಿಡಿ ಟ್ವೀಟರಿಗೆ ನೇರ ಸೆಲ್ ತಾಗಿಸಬೇಡಿ. ಮೀಟರಿನಲ್ಲಿ 8 ಓಮಿನ ಊಫರ್ 5.5ರಿಂದ 7 ತೋರಿಸುತ್ತದೆ. 8 ಬರಲಿಲ್ಲವೆಂದು ಗಾಬರಿ ಬೇಡ. ಜೋಡಿಯಲ್ಲಿ ಒಂದು 6.1, ಇನ್ನೊಂದು 3.4 ಬಂದರೆ ಬೇರೆ ಊಫರ್ ಹಾಕಿದ್ದಾರೆ. ಟ್ವೀಟರ್ ಈ ಅಳತೆಗೆ ಸಿಗುವುದಿಲ್ಲ, ಅದರ ದಾರಿಯಲ್ಲಿರುವ ಕೆಪಾಸಿಟರ್ ಮೀಟರಿನ ಡಿಸಿಯನ್ನು (ನೇರ ವಿದ್ಯುತ್ತನ್ನು) ತಡೆಯುತ್ತದೆ. ಅದನ್ನು ಹಾಡು ಹಾಕಿ, ಕಿವಿ ಹತ್ತಿರ ಹಿಡಿದೇ ನೋಡಬೇಕು.

ದನಿ ಮಬ್ಬಾಗಿದ್ದರೆ ಬಹುಪಾಲು ತಪ್ಪು ಕ್ರಾಸ್‌ಓವರಿನ (ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟಿನ) ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನದು. 4.7 ಮೈಕ್ರೋಫ್ಯಾರಡ್ ಇದ್ದಲ್ಲಿ ಅಷ್ಟೇ ಮೌಲ್ಯದ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ. ಪ್ಲಸ್–ಮೈನಸ್ ಗುರುತಿನದು ಇಲ್ಲಿಗೆ ನಡೆಯದು. ‘ಇನ್ನೂ ದೊಡ್ಡದು ಹಾಕಿದರೆ ಒಳ್ಳೆಯದಲ್ವಾ’ ಎನ್ನುವವರ ಮಾತು ಕೇಳಬೇಡಿ: 8 ಓಮಿನ ಟ್ವೀಟರಿಗೆ 4.7 ಇದ್ದಾಗ ಸ್ವರ ಪೂರ್ತಿಯಾಗಿ ತಲುಪತೊಡಗುವ ಗಡಿ ಸುಮಾರು 4,200 ಹರ್ಟ್ಸ್, 10 ಮಾಡಿದರೆ 2,000ಕ್ಕೆ ಇಳಿದು ಟ್ವೀಟರ್ ಸುಡಬಹುದು.

ಆಂಪ್ಲಿಫೈಯರ್ ವಿಷಯ ಸಣ್ಣದು. 82 ಡೆಸಿಬೆಲ್ ಸಂವೇದನೆಯ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಗಟ್ಟಿ ಕೇಳಿಸುವ) ಸ್ಪೀಕರಿಗೂ ಈ ಕೋಣೆಯಲ್ಲಿ 25–30 ವ್ಯಾಟ್ ಸಾಕು. 90ರದಾದರೆ ಅಷ್ಟೇ ಗಟ್ಟಿ ಕೇಳಲು ಅದರ ಆರರಲ್ಲೊಂದು ಪಾಲು. ಇಡುವ ಎತ್ತರಕ್ಕೆ ಮಾತ್ರ ಲಕ್ಷ್ಯವಿರಲಿ: ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂತರೆ ನೆಲದಿಂದ ಸುಮಾರು 95 ಸೆಂಟಿಮೀಟರ್, ನೆಲದ ಮೇಲೆ ಗಾದಿ ಹಾಸಿ ಕೂರುವ ಮನೆಯಲ್ಲಿ 75ರ ಆಸುಪಾಸು.