ಕೊಡಗಿನ ಬೆಳಕು, ಗಂಡಸರ ಫ್ಯಾಷನ್ ಮತ್ತು ಒಂದು ಕಪ್ಪು ಕೊಡೆ

ಕೊಡಗಿಗೆ ಫ್ಯಾಷನ್ ಶೂಟ್‌ಗೆ ಬರುವ ತಂಡಗಳೆಲ್ಲ ಇಲ್ಲಿನ ಬೆಳಕನ್ನು ಹೊಗಳುತ್ತವೆ. ‘ಎಷ್ಟು ಸಾಫ್ಟ್ ಇದೆ ಸರ್ ನಿಮ್ಮೂರ ಲೈಟು!’ ನಿಜ, ಮೋಡ, ಮಂಜು, ತೋಟದ ಮರಗಳು ಎಲ್ಲ ಸೇರಿ ಬಿಸಿಲನ್ನು ಸೋಸಿ ಕೊಡುತ್ತವೆ. ಆದರೆ ಗಂಡಸರ ಬಟ್ಟೆಯ ಶೂಟ್‌ಗೆ ಈ ಸಾಫ್ಟ್ ಲೈಟೇ ತಲೆನೋವು. ಮುಖದ ಎರಡೂ ಕಡೆ ಒಂದೇ ಸಮ ಬೆಳಕು ಬಿದ್ದರೆ ದವಡೆಯ ಗೆರೆ ಕಾಣುವುದಿಲ್ಲ, ಕೆನ್ನೆಯ ಮೂಳೆ ಕಾಣುವುದಿಲ್ಲ. ವರ್ಷಗಟ್ಟಲೆ ಜಿಮ್‌ನಲ್ಲಿ ಬೆವರು ಸುರಿಸಿದ ಹುಡುಗ ಆಧಾರ್ ಕಾರ್ಡಿನ ಫೋಟೊದ ಹಾಗೆ ಚಪ್ಪಟೆಯಾಗಿ ಬರುತ್ತಾನೆ.

ಇಂಥ ಕಡೆ ನಾನು ಬೆಳಕನ್ನು ತಿರುಗಿಸಿ ಕೊಡುವ ರಿಫ್ಲೆಕ್ಟರ್‌ಗಿಂತ ಜಾಸ್ತಿ ಬಳಸುವುದು ಕಪ್ಪು ಕೊಡೆ. ಕೊಡಗಿನ ಯಾವ ಮನೆಗೆ ಹೋದರೂ ಬಾಗಿಲ ಪಕ್ಕ ಒಂದಾದರೂ ನೇತಾಡುತ್ತಿರುತ್ತದೆ. ಮಾಡೆಲ್‌ನ ಎಡಗಡೆಯಿಂದ ಆಕಾಶದ ಬೆಳಕು ಬರುತ್ತಿದೆ ಅಂದುಕೊಳ್ಳಿ. ಬಲಗಡೆ ಸುಣ್ಣ ಹೊಡೆದ ಗೋಡೆ ಇದ್ದರೆ ಅದೇ ಬೆಳಕು ಅಲ್ಲಿಗೆ ಬಡಿದು ವಾಪಸ್ ಬಂದು ಬಲಗೆನ್ನೆಯನ್ನೂ ತುಂಬಿಬಿಡುತ್ತದೆ. ಈಗ ನಿಮ್ಮ ಸಹಾಯಕ ಕೊಡೆ ಬಿಚ್ಚಿ, ಒಳಭಾಗವನ್ನು ಮಾಡೆಲ್ ಕಡೆ ತಿರುಗಿಸಿ, ಫ್ರೇಮಿಗೆ ಬೀಳದ ಹಾಗೆ ಒಂದೂವರೆ ಅಡಿ ದೂರದಲ್ಲಿ ಹಿಡಿಯಲಿ. ಕಪ್ಪು ಬಟ್ಟೆ ಆ ವಾಪಸ್ ಬೆಳಕನ್ನು ನುಂಗುತ್ತದೆ. ನೋಡುತ್ತಿದ್ದ ಹಾಗೇ ಕೆನ್ನೆಯ ಕೆಳಗೆ ನೆರಳು ಇಳಿಯುತ್ತದೆ, ದವಡೆಗೆ ಅಂಚು ಬರುತ್ತದೆ. ಕೊಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ನೆರಳು ತಿಳಿಯಾಗುತ್ತದೆ, ಹತ್ತಿರ ತಂದರೆ ಗಾಢವಾಗುತ್ತದೆ. ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿ. ಒಳಗೆ ಬೆಳ್ಳಿ ಬಣ್ಣ ಬಳಿದ ಕೊಡೆ ಮಾತ್ರ ಬೇಡ, ಅದು ಉಲ್ಟಾ ಕೆಲಸ ಮಾಡುತ್ತದೆ. ಒದ್ದೆ ನೈಲಾನ್ ಕೂಡ ಹೊಳೆಯುತ್ತದೆ. ಮರದ ಹಿಡಿಯ ಹಳೇ ಬಟ್ಟೆ ಕೊಡೆ ಸಿಕ್ಕರೆ ಬಿಡಬೇಡಿ.

ಅಂದ ಹಾಗೆ, ಗಂಡಸಿಗೆ ನೆರಳು, ಹೆಂಗಸಿಗೆ ಮೆತ್ತನೆ ಬೆಳಕು ಅನ್ನುವುದು ಯಾವ ಶಾಸ್ತ್ರವೂ ಅಲ್ಲ, ಮಾರುಕಟ್ಟೆಯ ಅಭ್ಯಾಸ ಅಷ್ಟೆ. ತೆಳು ಬಣ್ಣದ ಲಿನನ್ ಶರ್ಟ್, ಗಡ್ಡ ಬೋಳಿಸಿದ ಎಳೆ ಮುಖ ಇದ್ದರೆ ನಾನೂ ಕೊಡೆ ಮಡಚಿ ಇಡುತ್ತೇನೆ. ಆದರೆ ಸೂಟು, ಉಣ್ಣೆಯ ಕೋಟು, ಖಾದಿ ಕುರ್ತಾ ಇವಕ್ಕೆ ಪಕ್ಕದ ಬೆಳಕು ಬೇಕೇ ಬೇಕು. ಮುಖಕ್ಕಿಂತ ಬಟ್ಟೆಯ ಸಲುವಾಗಿ. ಖಾದಿಯ ನೂಲು ಎದ್ದು ಕಾಣುವುದು ಬೆಳಕು ಓರೆಯಾಗಿ ಸವರಿದಾಗ ಮಾತ್ರ. ಎದುರಿನಿಂದ ಬಿದ್ದರೆ ಖಾದಿಯೂ ಒಂದೇ, ಪಾಲಿಯೆಸ್ಟರೂ ಒಂದೇ.

ಗಡ್ಡದವರಿಗೆ ಲೆಕ್ಕ ಸ್ವಲ್ಪ ಬೇರೆ. ದಟ್ಟ ಕಪ್ಪು ಗಡ್ಡ ತಾನೇ ಬೆಳಕು ನುಂಗುತ್ತದೆ. ಅದಕ್ಕೆ ಕಪ್ಪು ಕೋಟು ಬೇರೆ ಸೇರಿದರೆ ಗದ್ದ, ಕುತ್ತಿಗೆ, ಕಾಲರ್ ಎಲ್ಲ ಒಂದೇ ಕಪ್ಪು ಮುದ್ದೆ. ಆಗ ಸೊಂಟದ ಎತ್ತರದಲ್ಲಿ ಒಂದು ಬಿಳಿ ಥರ್ಮೊಕೋಲ್ ಹಾಳೆಯನ್ನು ಓರೆಯಾಗಿ ಹಿಡಿಸಿ. ಗಡ್ಡದ ಎಳೆಗಳು ಬಿಡಿಬಿಡಿಯಾಗಿ ಕಾಣುವಷ್ಟು ಸಾಕು. ಅದಕ್ಕಿಂತ ಜಾಸ್ತಿಯಾದರೆ ಮುಖಕ್ಕೆ ಕೆಳಗಿನಿಂದ ಟಾರ್ಚ್ ಬಿಟ್ಟ ಹಾಗೆ ಕಾಣುತ್ತದೆ.

ಇನ್ನು ಕಾಫಿ ತೋಟ. ಎಲ್ಲರಿಗೂ ತೋಟದ ಒಳಗೇ ಫೋಟೊ ಬೇಕು. ಅಲ್ಲಿನ ದೊಡ್ಡ ಕಾಟ ಹಸಿರು. ಕಾಫಿ ಎಲೆ ನೋಡಿದ್ದೀರಲ್ವಾ, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತದೆ. ಗಿಡಗಳು ಸೊಂಟದಿಂದ ಎದೆಯ ಎತ್ತರಕ್ಕೆ ಇರುತ್ತವೆ. ಮೇಲಿನಿಂದ ಬಿದ್ದ ಬೆಳಕು ಆ ಎಲೆಗಳಿಗೆ ತಾಗಿ ಹಸಿರಾಗಿ ಗದ್ದದ ಕೆಳಗೆ, ಮೂಗಿನ ಕೆಳಗೆ, ಬಿಳಿ ಶರ್ಟಿನ ಮಡಿಕೆಗಳಲ್ಲಿ ಸೇರಿಕೊಳ್ಳುತ್ತದೆ. ಹಣೆಗೆ ಒಂದು ಬಣ್ಣ, ಗದ್ದಕ್ಕೆ ಇನ್ನೊಂದು. ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಇದನ್ನು ಸರಿಮಾಡಲಾರದು, ಬಣ್ಣದ ಅಳತೆಗೆ ಬೂದು ಬಣ್ಣದ ಗ್ರೇ ಕಾರ್ಡ್ ಹಿಡಿದರೂ ಅಷ್ಟೆ. ಹಸಿರು ತೆಗೆಯಲು ಮೆಜೆಂಟಾ ಕಡೆ ಎಳೆದರೆ ಗದ್ದ ಸರಿಹೋಗಿ ಹಣೆ ಗುಲಾಬಿಯಾಗುತ್ತದೆ.

ಪರಿಹಾರ ನೆಲದಲ್ಲಿದೆ. ಗಿಡಗಳ ಮಧ್ಯದಿಂದ ಮಾಡೆಲ್‌ನನ್ನು ತೋಟದ ಮಣ್ಣು ರಸ್ತೆಗೆ ಕರೆತನ್ನಿ. ಗಿಡ ಹಿಂದೆ ಇರಲಿ, ಕಾಲ ಕೆಳಗೆ ಕೆಂಪು ಮಣ್ಣು ಇರಲಿ. ಆ ಮಣ್ಣಿನಿಂದ ಮೇಲೆದ್ದು ಬರುವ ಬೆಳಕು ಬೆಚ್ಚಗಿರುತ್ತದೆ, ನಮ್ಮವರ ಗೋಧಿ, ಎಣ್ಣೆಗಪ್ಪು ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಗಿಡಗಳ ನಡುವೆಯೇ ನಿಲ್ಲಿಸಬೇಕು ಅಂತ ಕ್ಲೈಂಟ್ ಹಟ ಹಿಡಿದರೆ ಮಾಡೆಲ್ ಮುಂದೆ ನಾಲ್ಕೈದು ಖಾಲಿ ಗೋಣಿ ಚೀಲ ಹಾಸಿ. ತೋಟದಲ್ಲಿ ಗೋಣಿಗೆ ಬರವೇ? ಮರದ ಎಲೆಗಳ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲು ಮಾತ್ರ ಮುಖಕ್ಕೆ ಬೇಡ. ಹಿನ್ನೆಲೆಗೆ ಬಿದ್ದರೆ ಚಂದ, ಮೂಗಿನ ತುದಿಗೆ ಬಿದ್ದರೆ ಆ ಫೋಟೊ ಕತೆ ಮುಗಿಯಿತು. ಜಾಗ ಮೊದಲೇ ನೋಡಿಟ್ಟಿದ್ದರೂ ಶೂಟ್‌ಗೆ ಮುಂಚೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಒಂದು ಫೋನ್ ಮಾಡಿ, ಮರ ಕಪಾತು ಆಗಿದೆಯಾ ಕೇಳಿ. ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿದರೆ ಅದೇ ಜಾಗದ ಬೆಳಕು ಬೇರೆಯೇ ಆಗಿಬಿಟ್ಟಿರುತ್ತದೆ.

ಬೆಂಗಳೂರಿನ ತಂಡಗಳು ಮೊಬೈಲಿನಲ್ಲಿ ಮಾದರಿ ಚಿತ್ರಗಳನ್ನು ಇಟ್ಟುಕೊಂಡು ಬರುತ್ತವೆ. ಅದರಲ್ಲಿ ಲಾಸ್ ಏಂಜಲೀಸ್‌ನ ಫೋಟೊಗ್ರಾಫರ್ ಹರ್ಬ್ ರಿಟ್ಸ್ ಅವರ ಶೈಲಿಯವು ಯಾವಾಗಲೂ ಒಂದೆರಡು ಇದ್ದೇ ಇರುತ್ತವೆ. ಗಂಡಸರ ಮೈಮಾಟವನ್ನು ಬರೀ ಬಿಸಿಲಿನಲ್ಲಿ ತೋರಿಸಿ ಹೆಸರು ಮಾಡಿದವರು ಅವರು. 1978ರಲ್ಲಿ ಗೆಳೆಯ, ನಟ ರಿಚರ್ಡ್ ಗೇರ್ ಜೊತೆ ಹೋಗುವಾಗ ಕಾರಿನ ಟೈರ್ ಪಂಕ್ಚರ್ ಆಗಿ, ಅಲ್ಲೇ ಪೆಟ್ರೋಲ್ ಬಂಕ್‌ನಲ್ಲಿ ತೆಗೆದ ಫೋಟೊಗಳಿಂದ ಅವರ ದಾರಿ ತೆರೆಯಿತು. ಆದರೆ ಅದು ಕ್ಯಾಲಿಫೋರ್ನಿಯಾದ ಒಣ ಗಾಳಿ, ಬಿಳಿಚಿಕೊಂಡ ಮರಳು ನೆಲ. ಅಲ್ಲಿ ನೆಲವೇ ಅರ್ಧ ಕೆಲಸ ಮಾಡುತ್ತದೆ. ನಮ್ಮಲ್ಲಿ ಗಾಳಿಯೂ ಒದ್ದೆ, ನೆಲವೂ ಹಸಿರು.

ಆ ಥರದ್ದು ಬೇಕೇ ಬೇಕು ಅಂದರೆ ಕೊಡಗಿನಲ್ಲಿ ಅದಕ್ಕೆ ಹತ್ತಿರದ ಜಾಗ ಕಾಫಿ ಒಣಗಿಸುವ ಕಣ. ಅಗಲವಾದ ಸಿಮೆಂಟ್ ನೆಲ, ಸುತ್ತ ಮರದ ಅಡ್ಡಿ ಇಲ್ಲ. ಬೆಳಿಗ್ಗೆ 9ರ ಹೊತ್ತಿಗೆ ಕಣದ ಮೇಲೆ ಬಿಸಿಲು ಹರಡಿರುತ್ತದೆ. ಮಾಡೆಲ್‌ನನ್ನು ಗೋದಾಮಿನ ಗೋಡೆಯ ನೆರಳಲ್ಲಿ, ಬಿಸಿಲಿನ ಗೆರೆಯಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿ. ಮುಂದಿನ ನೆಲವೆಲ್ಲ ಒಂದು ದೊಡ್ಡ ರಿಫ್ಲೆಕ್ಟರ್. ಹುಬ್ಬಿನ ಕೆಳಗಿನ ಗುಂಡಿ ತುಂಬುತ್ತದೆ, ಕಣ್ಣಿನಲ್ಲಿ ಹೊಳಪು ಕೂರುತ್ತದೆ. ಆದರೆ ನವೆಂಬರ್‌ನಿಂದ ಫೆಬ್ರವರಿ ತನಕ ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಇರುತ್ತದೆ. ಶೂ ಹಾಕಿಕೊಂಡು ಅದರ ಮೇಲೆ ನಡೆದರೆ ಸಾಹುಕಾರರು ಮುಂದಿನ ಸಲ ಗೇಟ್ ತೆಗೆಯುವುದಿಲ್ಲ. ತೆಗೆಯಲೂ ಬಾರದು.

ಸೂರ್ಯನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಮಡಿಕೇರಿ ಇರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 75.7 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿ ನಡು ಮಧ್ಯಾಹ್ನ ಆಗುವುದು ಸರಾಸರಿ 12.27ಕ್ಕೆ. ಫೆಬ್ರವರಿಯಲ್ಲಿ 12.40 ದಾಟುತ್ತದೆ, ನವೆಂಬರ್ ಶುರುವಿನಲ್ಲಿ 12.10ರ ಆಸುಪಾಸು. ಏಪ್ರಿಲ್ ಕೊನೆ ಮತ್ತು ಆಗಸ್ಟ್ 20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆಗ ಮಧ್ಯಾಹ್ನ ಊಟ ಮಾಡಿ ಮಲಗುವುದು ಒಳ್ಳೆಯದು. ಡಿಸೆಂಬರ್‌ನಲ್ಲಿ ಮಧ್ಯಾಹ್ನವೂ ಅವನು 56 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಳಿಗ್ಗೆ 10.30ರಲ್ಲೂ ನೆಮ್ಮದಿಯಾಗಿ ಕೆಲಸ ಮಾಡಬಹುದು. ಸಂಜೆಯ ಹೊಂಬೆಳಕಿಗೆ ಗೋಲ್ಡನ್ ಅವರ್ ಅಂತ ಯೂರೋಪಿನವರ ವಿಡಿಯೊ ನೋಡಿ ಒಂದು ಗಂಟೆಗೆ ಪ್ಲಾನ್ ಮಾಡಬೇಡಿ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಕೊನೆಯ 6 ಡಿಗ್ರಿ ಇಳಿಯಲು 25 ನಿಮಿಷ ಸಾಕು. ಪಶ್ಚಿಮಕ್ಕೆ ಬೆಟ್ಟ ಇದ್ದರೆ ಅದೂ ಇಲ್ಲ. ರಾಜಾಸೀಟ್‌ನ ಸೂರ್ಯಾಸ್ತ ನೋಡಲು ಚಂದ, ಶೂಟ್‌ಗೆ ಖಂಡಿತ ಬೇಡ. ಬೆಳಕೆಲ್ಲ ಹಿಂದಿನಿಂದ, ಜನ ಎಲ್ಲ ಪಕ್ಕದಿಂದ.

ನನಗೆ ಇಷ್ಟವಾದ ಜಾಗ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ, ಜಗಲಿ, ಅಂದರೆ ಕೈಯಾಲೆ. ಮಾಡು ತಗ್ಗಿನಲ್ಲಿ ಇರುವುದರಿಂದ ನೆತ್ತಿಯ ಬೆಳಕು ಒಳಗೆ ಬರುವುದಿಲ್ಲ. ಅಂಗಳದ ಕಡೆಯಿಂದ ಮಾತ್ರ ಬರುತ್ತದೆ. ಮರದ ಕಂಬಗಳೇ ಕಪ್ಪು ಕೊಡೆಯ ಕೆಲಸ ಮಾಡುತ್ತವೆ. ಮೆಟ್ಟಿಲ ಅಂಚಿನಲ್ಲಿ ನಿಂತರೆ ಮುಖ ಚಪ್ಪಟೆ. ಅಲ್ಲಿಂದ ಒಂದು ಮಾರು ಒಳಗೆ ಬಂದು, ಅಂಗಳಕ್ಕೆ ಪಕ್ಕ ಕೊಟ್ಟು ನಿಂತರೆ ಅರ್ಧ ಮುಖ ಬೆಳಕು, ಅರ್ಧ ನೆರಳು. ಕಂಬಗಳ ನಡುವಿನ ಮರದ ಆಸನ ಐಮರದ ಮೇಲೆ ಕೂರಿಸಿದರೆ ಕೈ ಎಲ್ಲಿ ಇಡಬೇಕು ಅನ್ನುವ ಪ್ರಶ್ನೆಯೂ ಬಗೆಹರಿಯುತ್ತದೆ. ಒಕ್ಕದ (ಕುಟುಂಬದ) ಹಿರಿಯರನ್ನು ಕೇಳದೆ ಹೋಗಬೇಡಿ. ದೀಪ ಇಡುವ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯ ಕಡೆ ಕ್ಯಾಮೆರಾ ತಿರುಗಿಸುವ ಯೋಚನೆಯೂ ಬೇಡ.

ಅದೇ ಜಗಲಿಯಲ್ಲಿ ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯ ಚೇಲೆ ತೊಟ್ಟ ಹುಡುಗನನ್ನು ತೆಗೆಯುವುದು ಎಕ್ಸ್‌ಪೋಶರ್‌ಗೆ, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನುವ ಲೆಕ್ಕಕ್ಕೆ, ನಿಜವಾದ ಪರೀಕ್ಷೆ. ಮಂಡಿಯವರೆಗಿನ ಕಪ್ಪು ಕೋಟು ಕುಪ್ಯ, ಅದರ ಅರ್ಧ ತೋಳಿನಿಂದ ಹೊರಗೆ ಬರುವ ಬಿಳಿ ಶರ್ಟಿನ ಕೈ, ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ ಚೇಲೆ, ಅದಕ್ಕೆ ಸಿಕ್ಕಿಸಿದ ಬೆಳ್ಳಿಯ ಚಿಕ್ಕ ಕತ್ತಿ ಪೀಚೆಕತ್ತಿ. ಕಪ್ಪು, ಬಿಳಿ, ಕೆಂಪು, ಬೆಳ್ಳಿ ನಾಲ್ಕೂ ಒಂದೇ ಫ್ರೇಮಿನಲ್ಲಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಎಲ್ಲವೂ ನಡುಬೂದು ಆಗಬೇಕು. ಅಷ್ಟು ಕಪ್ಪು ಕಂಡರೆ ಅದು ಬೆಳಕು ಏರಿಸಿಬಿಡುತ್ತದೆ. ಕುಪ್ಯ ಮಾಸಲು ಬೂದಾಗಿ, ಮುಖ ಬಿಳಿಚಿಕೊಳ್ಳುತ್ತದೆ. ಒಂದೇ ಚುಕ್ಕೆಯಷ್ಟು ಜಾಗದ ಬೆಳಕು ಅಳೆಯುವ ಸ್ಪಾಟ್ ಮೀಟರ್ ಅನ್ನು ಮುಖದ ಬೆಳಕಿನ ಭಾಗಕ್ಕೆ ಇಡಿ. ಇಲ್ಲವಾದರೆ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಂದು, ಶುರು ಮಾಡಿ. ಬಿಳಿ ತೋಳು ಹಿಡಿತದಲ್ಲಿದ್ದರೆ ಸಾಕು, ಕಪ್ಪಿನ ವಿವರ ಕ್ಯಾಮೆರಾದ ಮೂಲ ಫೈಲಾದ ರಾ ಫೈಲಿನಿಂದ ಆಮೇಲೆ ಎತ್ತಬಹುದು. ಮದುಮಗನ ಬಿಳಿ ಕುಪ್ಯಕ್ಕೆ ಇದೇ ಲೆಕ್ಕ ಉಲ್ಟಾ, ಮುಕ್ಕಾಲು ಸ್ಟಾಪ್ ಏರಿಸಬೇಕು.

ಚೇಲೆಯ ಕೆಂಪು ಮೋಸ ಮಾಡುತ್ತದೆ. ಸಾಮಾನ್ಯ ಹಿಸ್ಟೋಗ್ರಾಮ್ (ಕ್ಯಾಮೆರಾ ಪರದೆಯಲ್ಲಿ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಎಲ್ಲ ಸರಿ ಇದೆ ಅನ್ನುತ್ತಿರುತ್ತದೆ, ಕೆಂಪು ಚಾನೆಲ್ ಮಾತ್ರ ಆಗಲೇ ತುಂಬಿ ಹರಿದಿರುತ್ತದೆ. ರೇಷ್ಮೆಯ ನೇಯ್ಗೆ ಹೋಗಿ ಬರೀ ಕೆಂಪು ಬಣ್ಣ ಬಳಿದ ಹಾಗೆ ಕಾಣುತ್ತದೆ. ಮೂರೂ ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ. ಪೀಚೆಕತ್ತಿಯ ಬೆಳ್ಳಿಗೆ ಆಕಾಶ ಬಿಂಬಿಸಿದರೆ ಬಿಳಿ ಪಟ್ಟಿ ಬಿಟ್ಟು ಏನೂ ಕಾಣದು. ಅದರ ಎದುರಿಗೆ ಕಪ್ಪು ಕೊಡೆ ಹಿಡಿದರೆ ಬೆಳ್ಳಿಯಲ್ಲಿ ಅದರ ಬಿಂಬ ಬಿದ್ದು ಕೆತ್ತನೆಯ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಚೇಲೆಯನ್ನು ಮನೆಯ ಹಿರಿಯರಿಂದಲೇ ಕಟ್ಟಿಸಿ, ಸ್ಟೈಲಿಸ್ಟ್ ಕೈಗೆ ಕೊಡಬೇಡಿ. ಜೀನ್ಸ್ ಮೇಲೆ ಕುಪ್ಯ ಹಾಕಿಸಿ ‘ಫ್ಯೂಷನ್’ ಅನ್ನುವವರಿಗೆ ನಾನು ಕ್ಯಾಮೆರಾ ಎತ್ತುವುದಿಲ್ಲ. ಅದು ಜನ ಮದುವೆಗೆ, ಹಬ್ಬಕ್ಕೆ ಉಡುವ ಬಟ್ಟೆ.

ಇನ್ನು ಹುಡುಗರ ಮಾತು. ಇಲ್ಲಿ ಮಾಡೆಲಿಂಗ್‌ಗೆ ಬರುವವರಲ್ಲಿ ಹಾಕಿ ಆಡುವವರು ಬಹಳ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮಕ್ಕಳೂ ಆಡುತ್ತಾರೆ, ಅಜ್ಜಂದಿರೂ ಆಡುತ್ತಾರೆ. ಭುಜ, ನಿಲುವು ಎಲ್ಲ ಚೆನ್ನಾಗಿರುತ್ತದೆ. ಕ್ಯಾಮೆರಾ ಮುಂದೆ ನಿಂತ ತಕ್ಷಣ ಕೈಗಳು ಮಾತ್ರ ಯಾರದ್ದೋ ಆಗಿಬಿಡುತ್ತವೆ. ಕೈಗೆ ಒಂದು ಹಾಕಿ ಸ್ಟಿಕ್ ಕೊಟ್ಟು ಸುಮ್ನೆ ಐದು ನಿಮಿಷ ಮಾತಾಡಿಸಿ, ಆಮೇಲೆ ಸ್ಟಿಕ್ ತೆಗೆದುಕೊಳ್ಳಿ. ‘ಗದ್ದ ಸ್ವಲ್ಪ ಮುಂದಕ್ಕೆ ತಾ ಮಗಾ, ಈಗ ಒಂಚೂರು ಕೆಳಗೆ.’ ದವಡೆಗೆ ಇಷ್ಟೇ ಮಂತ್ರ. ಕಣ್ಣು ಚಿವುಟುತ್ತಿದ್ದರೆ ಮುಚ್ಚಿಸಿ, ಮೂರು ಎಣಿಸಿ ತೆಗೆಸಿ. ಮುಖಕ್ಕೆ 85 ಎಂಎಂ ಲೆನ್ಸ್. ಉದ್ದಕ್ಕೆ ಪೂರ್ತಿ ಬಟ್ಟೆ ಕಾಣಬೇಕಾದರೆ ಕ್ಯಾಮೆರಾ ಸೊಂಟದ ಎತ್ತರಕ್ಕೆ ಇಳಿಯಲಿ, ಕಾಲು ಉದ್ದ ಕಾಣುತ್ತದೆ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದು ಕಣ್ಣು ಬಿಟ್ಟು ಉಳಿದದ್ದೆಲ್ಲ ಮಸುಕು ಮಾಡಬೇಡಿ. ಕಾಲರ್ ಹೊಲಿಗೆ ಕಾಣದಿದ್ದರೆ ದುಡ್ಡು ಕೊಟ್ಟವರು ಕೇಳುತ್ತಾರೆ. ಎಫ್ 4, ಎಫ್ 5.6 ಅಳತೆಯ ಕಿಂಡಿ ಒಳ್ಳೆಯದು.

ಮಾಂದಲಪಟ್ಟಿಯಂಥ ಕಡೆ ಮಂಜಿನಲ್ಲಿ ತೆಗೆಯುವುದಾದರೆ ಗಾಢ ಬಣ್ಣದ ಬಟ್ಟೆ ತನ್ನಿ, ಬಿಳಿ ಶರ್ಟ್ ಮಂಜಿನಲ್ಲೇ ಕರಗಿಹೋಗುತ್ತದೆ. ಮೀಟರ್ ಮಂಜನ್ನು ಬೂದು ಮಾಡುತ್ತದೆ, ಅರ್ಧದಿಂದ ಮುಕ್ಕಾಲು ಸ್ಟಾಪ್ ಏರಿಸಿ. ಮಾಡೆಲ್ ಹತ್ತಿರವೇ ಇರಲಿ. ನಡುವೆ ಮಂಜು ಜಾಸ್ತಿ ಬಂದಷ್ಟೂ ಮುಖದ ನೆರಳು ತೊಳೆದುಹೋಗುತ್ತದೆ. ಊರಿಗೆ ಮರಳಿದ ಮೇಲೆ ಲೆನ್ಸ್‌ಗಳನ್ನು ಬ್ಯಾಗಿನಲ್ಲೇ ಬಿಡಬೇಡಿ, ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೆ ತೇವಾಂಶ 40ರಿಂದ 50 ಶೇಕಡಾ.

ಯಾವಾಗ ಬರಲಿ ಅಂತ ಕೇಳುವವರಿಗೆ ನಾನು ಹೇಳುವುದು ಅಕ್ಟೋಬರ್, ನವೆಂಬರ್. ಮಳೆ ಗಾಳಿಯನ್ನು ತೊಳೆದಿರುತ್ತದೆ, ಬಿಸಿಲೂ ಮೋಡವೂ ಸರದಿಯಲ್ಲಿ ಬರುತ್ತಿರುತ್ತವೆ, ಒಂದೇ ಜಾಗದಲ್ಲಿ ಎರಡು ಥರದ ಬೆಳಕು ಸಿಗುತ್ತದೆ. ಜುಲೈ ಮಾತ್ರ ಬೇಡ. ಮಡಿಕೇರಿ ದಸರಾ ರಜೆಯಲ್ಲೂ ಬೇಡ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಕುಶಾಲನಗರ ದಾಟುವಷ್ಟರಲ್ಲಿ ಬೆಳಗಿನ ಬೆಳಕು ಮುಗಿದಿರುತ್ತದೆ.