ಜೇಲನ್ ಹರ್ಟ್ಸ್: ಕೈಯೋ ಕಾಲೋ ಎಂಬ ಹಳೇ ಜಗಳ

ಅಮೆರಿಕದ ಫುಟ್‌ಬಾಲ್ ಆಟಗಾರ ಜೇಲನ್ ಹರ್ಟ್ಸ್ ಹೆಸರು ಬಂದಾಗಲೆಲ್ಲ ಜಗಳ ಒಂದೇ. ಇವರು ಚೆಂಡು ಎಸೆಯುವವರೋ, ಚೆಂಡು ಹಿಡಿದು ಓಡುವವರೋ? 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟು, ಪಂದ್ಯದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ ಮೇಲೂ ಅದು ನಿಂತಿಲ್ಲ. ಇದರ ಬೇರು ಇರುವುದು ಅವರ ಕಾಲೇಜು ದಿನಗಳಲ್ಲಿ. ಎರಡು ವಿಶ್ವವಿದ್ಯಾಲಯ, ನಾಲ್ಕು ಸೀಸನ್, ನಡುವೆ ಬದಲಾದ ನಿಯಮಗಳು. ಎಲ್ಲ ಸೇರಿ ಕಥೆ ಗೋಜಲಾಗಿದೆ.

ಮೊದಲು ಆಟದ ವಿಷಯ. ಅಮೆರಿಕದ ಫುಟ್‌ಬಾಲ್‌ನಲ್ಲಿ 10 ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಸಾಮಾನ್ಯವಾಗಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯುವುದು ಅವನ ಮುಖ್ಯ ಕೆಲಸ. ಎಸೆತದ ಜೊತೆ ಓಟದಲ್ಲೂ ಎದುರಾಳಿಯನ್ನು ಹೆದರಿಸಬಲ್ಲವನು ‘ಡ್ಯುಯಲ್ ಥ್ರೆಟ್’.

ಹತ್ತಿರದಿಂದ ನೋಡಿದರೆ ಇದು ಹೀಗೆ ನಡೆಯುತ್ತದೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದಲ್ಲಿ ಹಾದುಹೋಗುವ ಜೊತೆಗಾರನ ಹೊಟ್ಟೆಗೆ ಒತ್ತುತ್ತಾನೆ, ಆದರೆ ಕೈ ಬಿಡುವುದಿಲ್ಲ. ಕಣ್ಣು ಎದುರಾಳಿ ಸಾಲಿನ ತುದಿಯಲ್ಲಿರುವ ಒಬ್ಬನ ಮೇಲೆ. ಆತ ಒಳಗೆ ನುಗ್ಗಿದನೋ, ಚೆಂಡು ವಾಪಸ್ ಎಳೆದುಕೊಂಡು ಆತ ಬಿಟ್ಟ ಜಾಗದಲ್ಲೇ ಓಟ. ಆತ ನಿಂತಲ್ಲೇ ನಿಂತನೋ, ಚೆಂಡು ಬಿಟ್ಟುಕೊಟ್ಟು ಸುಮ್ನೆ ಓಡಿದ ಹಾಗೆ ನಾಟಕ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರಬೇಕು. ಇದನ್ನು ಬರೀ ಕಾಲಿನ ಆಟ ಅಂತ ಯಾಕೆ ಕರೆಯುತ್ತಾರೋ!

ಓಡುವ ಕ್ವಾರ್ಟರ್‌ಬ್ಯಾಕ್ ಹೊಸಬನೇನಲ್ಲ. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ‘ವಿಶ್‌ಬೋನ್’ ಎಂಬ ಓಟದ ತಂತ್ರ ತಂದಿತು, 1971ರಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಅದನ್ನೇ ಹಿಡಿಯಿತು. 1990ರ ದಶಕದಲ್ಲಿ ನೆಬ್ರಾಸ್ಕದ ಟಾಮಿ ಫ್ರೇಜರ್, 2007ರಲ್ಲಿ ಫ್ಲೋರಿಡಾದ ಟಿಮ್ ಟಿಬೋ, 2010ರಲ್ಲಿ ಆಬರ್ನ್‌ನ ಕ್ಯಾಮ್ ನ್ಯೂಟನ್. ಕಾಲೇಜಿನಲ್ಲಿ ಇಂಥವರಿಗೆ ಜೈಕಾರ, ವೃತ್ತಿಪರ ಲೀಗ್ ಬಾಗಿಲಲ್ಲಿ ಅನುಮಾನ. ಅದರಲ್ಲೂ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ಗಳಿಗೆ ‘ಜಾಗ ಬದಲಿಸಿ, ಚೆಂಡು ಹಿಡಿಯುವ ಕೆಲಸಕ್ಕೆ ಹೋಗಿ’ ಅನ್ನುವ ಸಲಹೆ ಬರುತ್ತಲೇ ಇತ್ತು. ಚೆನ್ನಾಗಿ ಎಸೆಯುತ್ತಿದ್ದ ವಾರೆನ್ ಮೂನ್ 1978ರಲ್ಲಿ ಕೆನಡಾಕ್ಕೆ ಹೋಗಿ ಆಡಬೇಕಾಯಿತು. ಲಮಾರ್ ಜಾಕ್ಸನ್‌ಗೂ 2018ರಲ್ಲಿ ಇದೇ ಮಾತು ಕೇಳಿಬಂತು, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದರೂ!

ಹರ್ಟ್ಸ್ ಹ್ಯೂಸ್ಟನ್ ಕಡೆಯವರು. ಶಾಲೆಯಲ್ಲಿ ತಂದೆಯೇ ಕೋಚ್. 2016ರಲ್ಲಿ ಅಲಬಾಮಾ ಪರ ಆಡತೊಡಗಿದಾಗ ವಯಸ್ಸು 18. ಮೊದಲ ಪಂದ್ಯದಲ್ಲಿ ಮೊದಲ ಸಲ ಕೈಗೆ ಬಂದ ಚೆಂಡನ್ನೇ ಕೆಳಗೆ ಬೀಳಿಸಿದರು. ಆದರೆ ತಂಡ 52-6ರಿಂದ ಗೆದ್ದಿತು, ಜಾಗ ಅವರದಾಯಿತು. ಆ ಸೀಸನ್‌ನಲ್ಲಿ ಎಸೆತದಿಂದ 2,780 ಗಜ, ಓಟದಿಂದ 954 ಗಜ. ಕಾಲೇಜು ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಸಿಕ್ಕಿಬಿದ್ದರೆ ಕಳೆದುಕೊಂಡ ಗಜವನ್ನು ಓಟದಿಂದ ಕಳೆಯುತ್ತಾರೆ. ಅಂದರೆ ನಿಜವಾಗಿ ಓಡಿದ್ದು ಇನ್ನೂ ಜಾಸ್ತಿ. ಕಾಲೇಜು ತಂಡಗಳ ರಾಷ್ಟ್ರೀಯ ಫೈನಲ್‌ನಲ್ಲಿ ಎರಡು ನಿಮಿಷ ಬಾಕಿ ಇರುವಾಗ 30 ಗಜ ಓಡಿ ಅಲಬಾಮಾಗೆ ಮುನ್ನಡೆ ತಂದರು. ಎದುರಾಳಿ ಕ್ಲೆಮ್ಸನ್ ಒಂದು ಸೆಕೆಂಡ್ ಉಳಿದಿರುವಾಗ ಅದನ್ನು ಕಿತ್ತುಕೊಂಡಿತು. ಆಗಲೇ ಗೊಣಗಾಟ ಶುರು: ಹುಡುಗ ಓಡುತ್ತಾನೆ ಸರಿ, ಎಸೆಯಲು ಬರುತ್ತಾ?

ಇಲ್ಲಿಂದ ಕಥೆ ಅಟ್ಲಾಂಟಾದ ಒಂದೇ ಕ್ರೀಡಾಂಗಣಕ್ಕೆ ಮೂರು ಸಲ ಹೋಗುತ್ತದೆ.

2018ರ ಜನವರಿ 8, ಜಾರ್ಜಿಯಾ ವಿರುದ್ಧ ಫೈನಲ್. ಅರ್ಧ ಪಂದ್ಯಕ್ಕೆ ಅಲಬಾಮಾ 0-13. ಹರ್ಟ್ಸ್ ಎಸೆದು ಗಳಿಸಿದ್ದು ಬರೀ 21 ಗಜ. ವಿರಾಮದ ನಂತರ ಅವರನ್ನು ಕೂರಿಸಿ ಮೊದಲ ವರ್ಷದ ಟುವಾ ಟಗೊವೈಲೋವಾ ಅವರನ್ನು ಇಳಿಸಿದರು. ಹೆಚ್ಚುವರಿ ಆಟದಲ್ಲಿ ಟುವಾ ಎಸೆಯುವ ಮೊದಲೇ ಸಿಕ್ಕಿಬಿದ್ದು 16 ಗಜ ಕಳೆದುಕೊಂಡರು, ಮರುಕ್ಷಣವೇ 41 ಗಜದ ಎಸೆತದಲ್ಲಿ ಪಂದ್ಯ ಮುಗಿಸಿದರು. 26-23. ಹರ್ಟ್ಸ್ ಅಂಚಿನಲ್ಲಿ ನಿಂತು ಕುಣಿದರು. ಎರಡು ವರ್ಷ ತಂಡವನ್ನು ಫೈನಲ್‌ವರೆಗೆ ತಂದವರು ಬೆಂಚಿನವರಾದರು. ಆಗಸ್ಟ್‌ನಲ್ಲಿ ಅವರು ಪತ್ರಕರ್ತರ ಮುಂದೆ, ಈ ವಿಷಯದಲ್ಲಿ ನಿನಗೇನು ಅನ್ನಿಸುತ್ತದೆ ಅಂತ ತನ್ನನ್ನು ಯಾರೂ ಕೇಳಲಿಲ್ಲ ಎಂಬರ್ಥದಲ್ಲಿ ಹೇಳಿಕೊಂಡರು. ಇಪ್ಪತ್ತರ ಹೊಸ್ತಿಲಲ್ಲಿದ್ದ ಹುಡುಗ ಹೇಳಬಾರದ ಮಾತೇನಲ್ಲ ಅದು, ಅಲ್ವಾ?

ಅದೇ ಬೇಸಿಗೆ ಹೊಸ ನಿಯಮ ಬಂದಿತ್ತು: ನಾಲ್ಕು ಪಂದ್ಯಕ್ಕಿಂತ ಜಾಸ್ತಿ ಆಡದಿದ್ದರೆ ಕಾಲೇಜಿನಲ್ಲಿ ಆಡಲು ಸಿಗುವ ನಾಲ್ಕು ಸೀಸನ್‌ಗಳಲ್ಲಿ ಆ ವರ್ಷ ಲೆಕ್ಕಕ್ಕಿಲ್ಲ. ಕ್ಲೆಮ್ಸನ್‌ನಲ್ಲಿ ಜಾಗ ಕಳೆದುಕೊಂಡ ಕೆಲ್ಲಿ ಬ್ರಯಂಟ್ ನಾಲ್ಕು ಪಂದ್ಯಕ್ಕೆ ನಿಲ್ಲಿಸಿ ಬೇರೆ ಕಾಲೇಜಿಗೆ ಹೊರಟರು. ಹರ್ಟ್ಸ್ ಐದನೆಯದಕ್ಕೂ ಇಳಿದರು. ಬ್ರಯಂಟ್ ಮಾಡಿದ್ದು ತಪ್ಪು ಅನ್ನಲಾಗದು, ಹರ್ಟ್ಸ್ ಮಾಡಿದ್ದು ಎಲ್ಲರ ಕೈಲಾಗದು.

ಡಿಸೆಂಬರ್ 1, ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ. ಈ ಸಲ ಟುವಾ ಕಾಲಿಗೆ ಪೆಟ್ಟು, ತಂಡ 21-28ರಿಂದ ಹಿಂದೆ. ಹರ್ಟ್ಸ್ ಇಳಿದರು. ಮೊದಲು ಜೊತೆಗಾರ ಜೆರಿ ಜೂಡಿಗೆ 10 ಗಜದ ಎಸೆತ, ಅಂಕ ಸಮ. ಆಮೇಲೆ 1 ನಿಮಿಷ 4 ಸೆಕೆಂಡ್ ಉಳಿದಾಗ 15 ಗಜ ತಾವೇ ಓಡಿದರು. 35-28. ಒಂದು ಕೈಯಲ್ಲಿ, ಒಂದು ಕಾಲಲ್ಲಿ. ಜಗಳಕ್ಕೆ ಅಲ್ಲೇ ಉತ್ತರ ಇತ್ತು, ನೋಡುವವರಿಗೆ.

ಅದೇ ತಿಂಗಳು ಪದವಿ ಮುಗಿಯಿತು. ಪದವಿ ಮುಗಿಸಿದವರು ಬೇರೆ ಕಡೆ ಹೋಗಿ ತಕ್ಷಣ ಆಡಬಹುದಿತ್ತು. ಹೀಗೆ ಒಕ್ಲಹೋಮಾ. 2019ರಲ್ಲಿ ಎಸೆತದಿಂದ 3,851 ಗಜ, ಓಟದಿಂದ 1,298. ಎಸೆಯಲು ಬರುವುದಿಲ್ಲ ಅಂದಿದ್ದ ಹುಡುಗ! ಬೇಲರ್ ವಿರುದ್ಧ 3-28ರಿಂದ ಹಿಂದಿದ್ದು 34-31ಕ್ಕೆ ಗೆದ್ದರು. ಹೈಸ್‌ಮನ್‌ನಲ್ಲಿ ಎರಡನೇ ಸ್ಥಾನ. ಮೊದಲ ಸ್ಥಾನದ ಜೋ ಬರೋ ಕೂಡ ಒಂದು ಕಾಲೇಜು ಬಿಟ್ಟು ಬಂದವರೇ. ಡಿಸೆಂಬರ್ 28ರಂದು ಮತ್ತೆ ಅಟ್ಲಾಂಟಾ, ಎದುರು ಬರೋ ತಂಡ. ಬರೋ ಮೊದಲ ಅರ್ಧದಲ್ಲೇ ಏಳು ಟಚ್‌ಡೌನ್ (ಚೆಂಡನ್ನು ಕೊನೆ ಗೆರೆ ದಾಟಿಸುವುದು) ಎಸೆದರು, ಒಕ್ಲಹೋಮಾ 28-63ರಿಂದ ಸೋತಿತು. ಹರ್ಟ್ಸ್ ಕಾಲೇಜು ಆಟ ಅಲ್ಲಿಗೆ ಮುಗಿಯಿತು.

2021ರಲ್ಲಿ ಪದವಿಗೆ ಕಾಯದೆ ಒಂದು ಸಲ ಕಾಲೇಜು ಬದಲಿಸಿ ತಕ್ಷಣ ಆಡಬಹುದು ಅಂತಾಯಿತು, 2024ರಲ್ಲಿ ‘ಒಂದು ಸಲ’ ಅನ್ನುವ ಮಿತಿಯೂ ಹೋಯಿತು. ಇವತ್ತಿನ ಹರ್ಟ್ಸ್ ಬೆಂಚಿನ ಮೇಲೆ ಒಂದು ವರ್ಷ ಕೂರುತ್ತಿದ್ದರೋ ಇಲ್ಲವೋ.

2020ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ, ಅವರಿಗೆ ಸಿಕ್ಕಿದ್ದು 53ನೇ ಸ್ಥಾನ. ಈಗಲ್ಸ್‌ನಲ್ಲಿ ಒಂದು ಗಜ ಬೇಕಾದಾಗ ಅವರು ಚೆಂಡು ಹಿಡಿದು ತಲೆ ತಗ್ಗಿಸುತ್ತಾರೆ, ಜೊತೆಗಾರರು ಹಿಂದಿನಿಂದ ನೂಕುತ್ತಾರೆ. ಅದನ್ನು ತಡೆಯುವುದು ಎಷ್ಟು ಕಷ್ಟವಾಯಿತೆಂದರೆ 2025ರ ಮೇನಲ್ಲಿ ಅದನ್ನು ನಿಷೇಧಿಸಲು ಲೀಗ್ ಮತಕ್ಕೆ ಹಾಕಿತು. ಬೇಕಿದ್ದದ್ದು 24 ಮತ, ಬಿದ್ದದ್ದು 22.